ಕಿವಿಗೆ ಓಟ, ಕಾಲಿಗೆ ಗುಡ್ಡ: ಸೈಕಲ್ ಕ್ಲಾಸಿಗೆ 45 ನಿಮಿಷದ ಸಂಗೀತ ಕಟ್ಟಿದ್ದು

ಅಕ್ಕ ಮಂಗಳೂರಿನ ಬಿಜೈಯಲ್ಲಿ ಸೈಕಲ್ ಕ್ಲಾಸ್ ನಡೆಸುತ್ತಾಳೆ. ನಿಂತಲ್ಲೇ ಓಡುವ ಸೈಕಲ್. ಕಟ್ಟಡದ ಮೇಲಿನ ಮಹಡಿ, ತಲೆಯ ಮೇಲೆ ತಗಡಿನ ಶೀಟು, ಕೆಳಗೆ ಒಂದು ಕ್ಲಿನಿಕ್, ನಡುವೆ 9 ಸೈಕಲ್. ಬೆಳಿಗ್ಗೆ ಎರಡು ಬ್ಯಾಚ್, ಸಂಜೆ ಒಂದು. ಬೇಸಿಗೆಯಲ್ಲಿ ಅರ್ಧ ಖಾಲಿ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ತಣ್ಣೀರುಬಾವಿ ಕಡೆ ಸೈಕಲ್ ಹೊಡೆಯುತ್ತಿದ್ದವರೂ ಇಲ್ಲಿಗೇ ಬರುತ್ತಾರೆ. ಆಗ ಒಂದು ಸೀಟಿಗೆ ಇಬ್ಬರು ಕಾಯುವ ಸ್ಥಿತಿ.

ಇಷ್ಟು ದಿನ ಅವಳು ಫೋನಿನಲ್ಲಿ ಏನು ಸಿಕ್ಕಿತೋ ಅದನ್ನು ಹಾಕುತ್ತಿದ್ದಳು. ಒಂದು ದಿನ ಮನೆಗೆ ಬಂದು ಹೇಳಿದಳು: "ಎಲ್ಲರೂ ಒಂದೇ ಕೋಣೆಯಲ್ಲಿ ಕೂತಿದ್ದಾರೆ, ಕಾಲು ಮಾತ್ರ ಒಂದೊಂದು ಊರಿಗೆ ಹೋಗ್ತಾ ಉಂಟು. ನೀನು ಕಂಪ್ಯೂಟರಿನಲ್ಲಿ ಹಾಡು ಕತ್ತರಿಸ್ತಾ ಕೂರ್ತೀಯಲ್ಲ, ಇದನ್ನೊಂದು ಸರಿ ಮಾಡಿ ಕೊಡು ಮಾರಾಯ."

ಒಂದು ಭಾನುವಾರದ ಕೆಲಸ ಅಂದುಕೊಂಡೆ. ಏಳು ವಾರ ಹಿಡಿಯಿತು. ನನ್ನ ಹಾಗೆ ಯಾರಾದರೂ ಇದಕ್ಕೆ ಕೈ ಹಾಕುವವರಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆದಿಡುತ್ತಿದ್ದೇನೆ. ತಪ್ಪು ಮಾಡಿದ್ದೇ ಜಾಸ್ತಿ, ಹಾಗಾಗಿ ಅದೇ ಮೊದಲು.

ಮೊದಲ ಪ್ರಯತ್ನ, ಮೊದಲ ಪೆಟ್ಟು

ಮಂಗಳೂರಿನವರನ್ನು ಓಡಿಸಬೇಕೆಂದರೆ ಹುಲಿವೇಷದ ತಾಸೆ ವಾದ್ಯಕ್ಕಿಂತ ಬೇರೆ ಏನು ಬೇಕು? ದಸರಾ ಸಮಯದಲ್ಲಿ ತಾಸೆ ಕೇಳಿದರೆ ತೊಟ್ಟಿಲ ಮಗುವೂ ಕಾಲು ಆಡಿಸುತ್ತದೆ. ಕಳೆದ ದಸರಾದಲ್ಲಿ ನಮ್ಮ ಬೀದಿಗೆ ಬಂದ ತಂಡದ್ದು ನಾಲ್ಕು ನಿಮಿಷದ ರೆಕಾರ್ಡಿಂಗ್ ಫೋನಿನಲ್ಲಿ ಇತ್ತು. ಅದನ್ನೇ ಕ್ಲಾಸಿನ ಕೊನೆಗೆ, ಜೋರು ಓಟದ ಜಾಗಕ್ಕೆ ಹಾಕಿದೆ. ನಾನೂ ಹಿಂದಿನ ಸೈಕಲ್ ಹತ್ತಿ ಕೂತೆ.

ತಾಸೆ ಶುರುವಾದದ್ದೇ ಒಂಬತ್ತು ಮುಖಗಳಲ್ಲೂ ನಗು. ಒಬ್ಬರು ಶಿಳ್ಳೆ ಹೊಡೆದರು. ಅರ್ಧ ನಿಮಿಷ ಅಷ್ಟೇ. ಆಮೇಲೆ ಒಬ್ಬೊಬ್ಬರೂ ತಾಸೆಯ ಹಿಂದೆ ಓಡಲು ಹೋಗಿ ಸೀಟಿನ ಮೇಲೆ ಕುಪ್ಪಳಿಸಲು ಶುರು ಮಾಡಿದರು. ಮುಂದಿನ ಸಾಲಿನಲ್ಲಿ ಬ್ಯಾಂಕಿನಿಂದ ರಿಟೈರ್ ಆದ ರಾಯರೊಬ್ಬರು ಇದ್ದಾರೆ. ಅವರ ಕಾಲು ಪೆಡಲಿನ ಪಟ್ಟಿಯಿಂದ ಜಾರಿತು. ಈ ಸೈಕಲ್‌ಗಳಲ್ಲಿ ಮುಂದೆ ಇರುವ ಗಾಲಿ 18-20 ಕೆಜಿ ಭಾರದ್ದು. ಅದು ಪೆಡಲಿಗೆ ನೇರ ಜೋಡಿಸಿರುತ್ತದೆ. ನೀವು ತುಳಿಯುವುದನ್ನು ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ, ಪೆಡಲನ್ನು ತಿರುಗಿಸುತ್ತಲೇ ಇರುತ್ತದೆ. ರಾಯರ ಮೊಣಕಾಲಿನ ಕೆಳಗೆ ಪೆಡಲ್ ಎರಡು ಸಲ ಬಡಿಯಿತು. ಮೂರನೆಯದು ಬಡಿಯುವ ಮೊದಲು ಅಕ್ಕ ಓಡಿ ಬಂದು ನಡುವಿನ ಕೆಂಪು ಗುಬುಟು ಒತ್ತಿ ಬ್ರೇಕ್ ಹಾಕಿದಳು.

ರಾಯರು ಏನೂ ಹೇಳಲಿಲ್ಲ. ಐಸ್ ಇಟ್ಟುಕೊಂಡು, "ಹುಲಿಗೆ ಸಿಕ್ಕಿದ ಹಾಗಾಯ್ತು" ಅಂದರು. ಅಕ್ಕ ನನ್ನ ಕಡೆ ನೋಡಿದ ನೋಟ ಮಾತ್ರ ನೆನಪಿದೆ.

ಎಣಿಸಿದ ಮೇಲೆ ಗೊತ್ತಾದದ್ದು

ಆ ರಾತ್ರಿ ರೆಕಾರ್ಡಿಂಗನ್ನು ಆಡಾಸಿಟಿಯಲ್ಲಿ ತೆರೆದೆ. ಪುಕ್ಕಟೆ ಸಿಗುವ ತಂತ್ರಾಂಶ, 2000ರಿಂದ ಇದೆ, ಇಂಥ ಕೆಲಸಕ್ಕೆ ಧಾರಾಳ ಸಾಕು. ಮೊದಲು ವೇಗ ಹೇಳುವ ಒಂದು ಆ್ಯಪ್‌ಗೆ ಕೇಳಿಸಿದೆ. ಒಮ್ಮೆ ನಿಮಿಷಕ್ಕೆ 108 ಅಂತು, ಇನ್ನೊಮ್ಮೆ 216 ಅಂತು. ಎರಡೂ ಸುಳ್ಳು. ಯಾಕೆಂದರೆ ಆ ತಾಸೆಯಲ್ಲಿ ಒಂದು ದೊಡ್ಡ ಪೆಟ್ಟಿನೊಳಗೆ ಮೂರು ಸಣ್ಣ ಪೆಟ್ಟು ಇವೆ. ಯಂತ್ರ ಅವುಗಳಲ್ಲಿ ಎರಡೆರಡನ್ನೋ ನಾಲ್ಕುನಾಲ್ಕನ್ನೋ ಕಟ್ಟಿ ಎಣಿಸುತ್ತದೆ. ಇಂಥ ನಡೆಗೆ ಯಂತ್ರವನ್ನು ನಂಬಬೇಡಿ. ಎದ್ದು ನಿಂತು ಹೆಜ್ಜೆ ಹಾಕಿ, 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ನನಗೆ 72 ಹೆಜ್ಜೆ ಬಂತು. ಅಂದರೆ ನಿಮಿಷಕ್ಕೆ 144.

ಈಗ ಕಾಲಿನ ಲೆಕ್ಕ. ಒಂದು ಪೆಟ್ಟಿಗೆ ಬಲಗಾಲು, ಮುಂದಿನ ಪೆಟ್ಟಿಗೆ ಎಡಗಾಲು ಕೆಳಗೆ ಬಂದರೆ, ಎರಡು ಪೆಟ್ಟಿಗೆ ಪೆಡಲ್ ಒಂದು ಸುತ್ತು. 144 ಪೆಟ್ಟು ಅಂದರೆ ನಿಮಿಷಕ್ಕೆ 72 ಸುತ್ತು. ಒಳಾಂಗಣ ಸೈಕಲ್‌ನಲ್ಲಿ ಸಪಾಟು ರಸ್ತೆಗೆ ಸುಮಾರು 80ರಿಂದ 110 ಸುತ್ತು, ಗುಡ್ಡಕ್ಕೆ 60ರಿಂದ 80 ಅಂತ ರೂಢಿ. 72 ಅಂದರೆ ಗುಡ್ಡ! ನಾನು ಕಿವಿಗೆ ಓಟದ ಹಾಗೆ ಕೇಳಿದ್ದನ್ನು ಓಟಕ್ಕೆ ಹಾಕಿದ್ದೆ. ಕಾಲಿಗೆ ಅದು ಗುಡ್ಡ ಹತ್ತುವ ತಾಳ. ತುಳಿತ ಭಾರವಾಗಲು ಹಾಕುವ ಬಿಗಿ ಏನೂ ಇಲ್ಲದ ಗಾಲಿಯ ಮೇಲೆ ಜನ ಕೂತಿದ್ದಾರೆ, ಪ್ರತಿ ಪೆಟ್ಟಿಗೂ ಬಲಗಾಲನ್ನೇ ಇಳಿಸಲು ನೋಡಿದ್ದಾರೆ. ಹಾಗೆ ಮಾಡಿದರೆ 144 ಸುತ್ತು ಆಗುತ್ತದೆ. ಅದು ನಮ್ಮಂಥವರು ತುಳಿಯುವ ವೇಗ ಅಲ್ಲ.

ಅಷ್ಟೇ ಅಲ್ಲ, ಶುರುವಿನಲ್ಲಿ 138 ಇದ್ದದ್ದು ನಾಲ್ಕನೇ ನಿಮಿಷಕ್ಕೆ 152 ಆಗಿತ್ತು. ಬೀದಿಯಲ್ಲಿ ಅದೇ ಚಂದ. ಹುಲಿ ಏರಿದಂತೆ ತಾಸೆಯೂ ಏರುತ್ತದೆ. ರಾಯರ ಕಾಲಿಗೆ ಅದು ಚಂದ ಆಗಲಿಲ್ಲ.

ಹಾಡು ಹುಡುಕುವ ಮೊದಲು ದಾರಿ ಬರೆಯಬೇಕು ಅಂತ ಆಗ ಹೊಳೆಯಿತು.

ಪಣಂಬೂರಿನಿಂದ ಬಾವುಟಗುಡ್ಡೆಗೆ

ಅಕ್ಕನನ್ನು ಕೂರಿಸಿ ಒಂದು ಹಾಳೆಯಲ್ಲಿ ದಾರಿ ಎಳೆದೆವು. ಎಲ್ಲರಿಗೂ ಗೊತ್ತಿರುವ ದಾರಿಯಾದರೆ ಹೆಚ್ಚು ಹೇಳಬೇಕಾಗಿಲ್ಲ, ಅಲ್ವಾ? ಪಣಂಬೂರು ಬೀಚ್ ಹತ್ತಿರ 6 ನಿಮಿಷ ಮೈ ಬಿಸಿ ಮಾಡುವುದು. ಹೈವೇಯಲ್ಲಿ 9 ನಿಮಿಷ ಸಪಾಟು, 90 ಸುತ್ತು. ಕೂಳೂರು ಸೇತುವೆ ಹತ್ತಲು 2 ನಿಮಿಷ, ಸ್ವಲ್ಪ ಬಿಗಿ. ಕೊಟ್ಟಾರ ಚೌಕಿಯಿಂದ ಲೇಡಿಹಿಲ್ ದಾಟಿ ಲಾಲ್‌ಬಾಗ್‌ವರೆಗೆ 6 ನಿಮಿಷ, 80 ಸುತ್ತು. ಅಲ್ಲಿಂದ ಹಂಪನಕಟ್ಟೆಗೆ ಹಾರಿ (ಒನ್ ವೇ ಎಲ್ಲ ನಮಗೆ ಲೆಕ್ಕಕ್ಕಿಲ್ಲ) ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ಅಲೋಶಿಯಸ್ ಕಾಲೇಜಿನ ಪಕ್ಕ ಬಾವುಟಗುಡ್ಡೆಗೆ 7 ನಿಮಿಷದ ಏರು, 70 ಸುತ್ತು. ಇದೇ ದೊಡ್ಡ ಗುಡ್ಡ. ಮತ್ತೆ 4 ನಿಮಿಷ ಇಳಿಜಾರು. ಕದ್ರಿ ಕಡೆ 6 ನಿಮಿಷ ಎರಡನೇ ಏರು, 64 ಸುತ್ತು, ಬಿಗಿ ಜಾಸ್ತಿ. ಕೊನೆಗೆ 5 ನಿಮಿಷ ತಣಿಯಲು. ಒಟ್ಟು 45.

ಈಗ ಹಾಡಿನ ಕೆಲಸ ಸುಲಭ. 90 ಸುತ್ತಿಗೆ ನಿಮಿಷಕ್ಕೆ 180 ಪೆಟ್ಟಿನ ಹಾಡು ಬೇಕು, ಇಲ್ಲವೇ 90 ಪೆಟ್ಟಿನದು, ಅದರಲ್ಲಿ ಬಲಗಾಲು ಮಾತ್ರ ಎಣಿಸಬೇಕು. ನಮ್ಮ ಸಿನಿಮಾದ ಕುಣಿತದ ಹಾಡುಗಳಲ್ಲಿ 90ರ ಆಸುಪಾಸಿನವು ಬೇಕಾದಷ್ಟು ಇವೆ. 80 ಸುತ್ತಿಗೆ 160. 64 ಸುತ್ತಿಗೆ 128.

ಕಾಲು ಮತ್ತು ತಾಳದ ಈ ನಂಟು ಹಳೆಯ ವಿಷಯವೇ. ನ್ಯೂಯಾರ್ಕಿನಲ್ಲಿ ಆರು ದಿನ ಎಡೆಬಿಡದೆ ನಡೆಯುವ ಸೈಕಲ್ ರೇಸ್ ಒಂದಿತ್ತು. ಬ್ಯಾಂಡ್ ಬಾರಿಸುತ್ತಿದ್ದಾಗ ಸವಾರರು ಜಾಸ್ತಿ ವೇಗದಲ್ಲಿ ಓಡುತ್ತಿದ್ದರು, ನಿಂತಾಗ ವೇಗ ಇಳಿಯುತ್ತಿತ್ತು ಅಂತ ಲಿಯೊನಾರ್ಡ್ ಏಯರ್ಸ್ 1911ರಲ್ಲೇ ಲೆಕ್ಕ ಹಾಕಿ ಬರೆದರು. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಇನ್ನೊಂದು ನೋಡಿದರು. ತುಳಿತಕ್ಕಿಂತ ತುಸು ನಿಧಾನದ ಸಂಗೀತ ಕೇಳಿದವರಿಗಿಂತ, ಸರಿಯಾಗಿ ತಾಳಕ್ಕೆ ತುಳಿದವರಿಗೆ ಅದೇ ಕೆಲಸಕ್ಕೆ ಸುಮಾರು 7% ಕಡಿಮೆ ಆಮ್ಲಜನಕ ಸಾಕಾಯಿತಂತೆ. ಇದನ್ನು ಹೇಳಿದರೆ ಅಕ್ಕ, "ಹಾಗಾದರೆ ತಾಳ ತಪ್ಪಿಸಿದರೆ ಜಾಸ್ತಿ ಕರಗುತ್ತದಾ?" ಅಂತ ಕೇಳಿದಳು. ತಪ್ಪಿಸಿ ನೋಡಿದ್ದು ರಾಯರ ಕಾಲಿನಲ್ಲಿ ನೀಲಿಯಾಗಿ ಕೂತಿತ್ತು. ನಾನು ಮಾತು ಬದಲಿಸಿದೆ.

ಬೇಡ ಅಂತ ಬಿಟ್ಟದ್ದು

ಜನರ ಹತ್ತಿರ ಹಾಡು ಕೇಳಿದೆವು. ತಪ್ಪೇನಲ್ಲ, ಆದರೆ ಬಂದ ಪಟ್ಟಿ ನೋಡಿ ತಲೆ ತಿರುಗಿತು.

ಯಕ್ಷಗಾನ ಭಾಗವತರ ಪದ ಹಾಕಿ ಅಂತ ಒಬ್ಬರು. ನನಗೂ ಆಸೆ. ಆದರೆ ತ್ರಿವುಡೆ ತಾಳ 7ರ ಲೆಕ್ಕ. ಕಾಲು ಎರಡೇ ಇರುವುದು. ಏಳನ್ನು ಎರಡು ಕಾಲಿಗೆ ಹಂಚಿದರೆ ಒಂದು ಸುತ್ತಿನಲ್ಲಿ ಮೊದಲ ಪೆಟ್ಟು ಬಲಗಾಲಿಗೆ, ಮುಂದಿನ ಸುತ್ತಿನಲ್ಲಿ ಎಡಗಾಲಿಗೆ. ನಡುವೆ ಒತ್ತು ಬೀಳುವ ಜಾಗವೂ ಅತ್ತಿತ್ತ ಓಡುತ್ತದೆ. ಮನೆಯಲ್ಲಿ ಒಂದು ಸೈಕಲ್ ತಂದಿಟ್ಟು ನಾನೇ ತುಳಿದು ನೋಡಿದೆ. ಎರಡು ನಿಮಿಷಕ್ಕೆ ತುಳಿಯುವುದು ಮರೆತು ಪದ ಕೇಳುತ್ತಾ ಕೂತಿದ್ದೆ.

ಮದುವೆ ಮನೆಯ ವಾಲ್ಟ್ಜ್ ಹಾಕು ಅಂತ ಇನ್ನೊಬ್ಬ ಆಂಟಿ. ಅದು 3ರ ಲೆಕ್ಕ. ಅಲ್ಲೂ ಒತ್ತು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಬೇಡ ಅನ್ನುವವನಿದ್ದೆ. ಅಷ್ಟರಲ್ಲಿ ಅಕ್ಕ ಒಂದು ವಿಷಯ ಹೇಳಿದಳು. ಯಾವಾಗಲೂ ಬಲಗಾಲನ್ನೇ ಎಣಿಸಿ ಎಣಿಸಿ ಎಲ್ಲರ ಎಡಗಾಲು ಸೋಮಾರಿ ಆಗಿದೆಯಂತೆ. ಹಾಗಾಗಿ ಮೈ ಬಿಸಿ ಮಾಡುವ ಹೊತ್ತಿನಲ್ಲಿ ಒಂದೇ ಒಂದು ನಿಮಿಷ ವಾಲ್ಟ್ಜ್ ಇಟ್ಟೆವು. "ಒತ್ತು ಬಿದ್ದ ಕಾಲಿಗೆ ಜೋರು" ಅಂತ ಅಕ್ಕ ಹೇಳುತ್ತಾಳೆ. ಆಂಟಿಗೂ ಖುಷಿ, ಎಡಗಾಲಿಗೂ ಕೆಲಸ.

ಕೋಲದ ವಾದ್ಯ ಹಾಕಿದರೆ ಮೈ ಜುಮ್ಮೆನ್ನುತ್ತದೆ ಅಂತ ಒಬ್ಬ ಹುಡುಗ. ಅಕ್ಕ ಅಲ್ಲೇ ತಡೆದಳು. ದೈವದ್ದನ್ನು ಬೆವರು ಇಳಿಸಲು ಹಾಕುವುದಿಲ್ಲ. ಅದರ ಮೇಲೆ ಚರ್ಚೆಯೇ ಆಗಲಿಲ್ಲ.

ಇನ್ನು ಸಾಹಿತ್ಯ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಗೊತ್ತಿರುವ ಭಾಷೆಯ ಹಾಡು ಬಂದರೆ ಜನ ಜೊತೆಗೆ ಹಾಡುತ್ತಾರೆ. ಹಾಡುವಾಗ ಅಕ್ಕ "ಬಿಗಿ ಒಂದು ಸುತ್ತು ಜಾಸ್ತಿ" ಅಂದದ್ದು ಯಾರ ಕಿವಿಗೂ ಹೋಗುವುದಿಲ್ಲ. ಆದ್ದರಿಂದ ಹೈವೇಯ 9 ನಿಮಿಷಕ್ಕೆ ಎಲ್ಲರ ಬಾಯಲ್ಲಿ ಇರುವ ಹಾಡು. ಅಲ್ಲಿ ಅಕ್ಕನಿಗೆ ಹೇಳಲು ಏನೂ ಇಲ್ಲ. ಗುಡ್ಡಗಳಿಗೆ ಮಾತಿಲ್ಲದ ವಾದ್ಯ ಮಾತ್ರ.

ಕೂರು, ಏಳು ಅಂತ ಕೂಗುವ ಬದಲು ಸಿಟಿ ಬಸ್ ಕಂಡಕ್ಟರನ ವಿಸಿಲ್ ರೆಕಾರ್ಡ್ ಮಾಡಿ ಸೇರಿಸಿದೆ. ಒಂದು ವಿಸಿಲ್ ಅಂದರೆ ಕೂರು, ಎರಡು ಅಂದರೆ ಎದ್ದು ನಿಂತು ಹೊರಡು. ಸ್ಟೇಟ್‌ಬ್ಯಾಂಕ್ ಸ್ಟಾಪಿಗೆ ಹೋಗುವ ಬಸ್ಸಿನಲ್ಲಿ ಜೋತು ಬಿದ್ದು ಬೆಳೆದವರಿಗೆ ಇದನ್ನು ಕಲಿಸಬೇಕಾ? ಮೊದಲ ದಿನವೇ ಎಲ್ಲರೂ ಒಟ್ಟಿಗೆ ಎದ್ದರು.

ಕಾನೂನಿನ ಮಾತು ಒಂದೇ ಸಾಲಿನಲ್ಲಿ. ನಿಮ್ಮ ಫೋನಿನ ಹಾಡಿನ ಆ್ಯಪ್ ನಿಮ್ಮ ಸ್ವಂತಕ್ಕೆ, ಫೀಸ್ ತೆಗೆದುಕೊಳ್ಳುವ ಕ್ಲಾಸಿಗೆ ಅಲ್ಲ. ಸಾಹಿತ್ಯ ಮತ್ತು ರಾಗ ಸಂಯೋಜನೆಯ ಲೈಸೆನ್ಸಿಗೆ ಐಪಿಆರ್‌ಎಸ್, ರೆಕಾರ್ಡಿಂಗಿನದಕ್ಕೆ ಪಿಪಿಎಲ್‌ನಂಥ ಸಂಸ್ಥೆಗಳಿವೆ. ಅಕ್ಕ ಸಿನಿಮಾ ಹಾಡಿಗೆ ಆ ದಾರಿ ಹಿಡಿದಳು. ಖರ್ಚು ನೋಡಿ, ಉಳಿದದ್ದನ್ನು ಊರಿನವರಿಂದಲೇ ಬಾರಿಸಿ, ಹಣ ಕೊಟ್ಟು, ಒಪ್ಪಿಗೆ ಬರೆಸಿಕೊಳ್ಳುವುದು ಅಂತ ತೀರ್ಮಾನ ಆಯಿತು.

ತಾಸೆಯ ರಿಪೇರಿ

ಬಾವುಟಗುಡ್ಡೆಗೆ 140ರ ತಾಸೆಯೇ ಬೇಕು ಅಂತ ನನ್ನ ಹಟ. ಹಳೆಯ ರೆಕಾರ್ಡಿಂಗಿನಲ್ಲಿ ಒಳ್ಳೆಯ 16 ಪೆಟ್ಟು ಹುಡುಕಿ ಕತ್ತರಿಸಿದೆ. 144ರ ವೇಗದಲ್ಲಿ 16 ಪೆಟ್ಟು ಅಂದರೆ 6.67 ಸೆಕೆಂಡು. ಕತ್ತರಿಸುವಾಗ ಅಲೆ ಸೊನ್ನೆಯ ಗೆರೆ ದಾಟುವ ಜಾಗದಲ್ಲೇ ಕತ್ತರಿಸಬೇಕು, ಇಲ್ಲದಿದ್ದರೆ ಜೋಡಿಸಿದಲ್ಲಿ ಟಪ್ ಅಂತ ಶಬ್ದ ಬರುತ್ತದೆ. ಆಡಾಸಿಟಿಯಲ್ಲಿ ಆಯ್ಕೆ ಮಾಡಿ ಝೆಡ್ ಒತ್ತಿದರೆ ಅದೇ ಹುಡುಕಿ ಕೊಡುತ್ತದೆ. ಚೇಂಜ್ ಟೆಂಪೋದಲ್ಲಿ 140ಕ್ಕೆ ಇಳಿಸಿ 60 ಸಲ ಜೋಡಿಸಿದೆ. ಲೆಕ್ಕಕ್ಕೆ ಸರಿಯಾಗಿತ್ತು. ಕೇಳಲು ಮಿಕ್ಸಿ ಓಡಿದ ಹಾಗೆ ಇತ್ತು. ಪ್ರತಿ 7 ಸೆಕೆಂಡಿಗೂ ಅದೇ ಹಿಂದಿನ ಪಟಾಕಿ, ಅದೇ ಮಗುವಿನ ಕೂಗು. ಅಕ್ಕ ಒಂದು ನಿಮಿಷ ಕೇಳಿ ಹೆಡ್‌ಫೋನ್ ತೆಗೆದಿಟ್ಟಳು.

ಹೊಸದಾಗಿ ಬಾರಿಸುವುದೇ ದಾರಿ. ಗೆಳೆಯನ ಮೂಲಕ ತಾಸೆಯವರು ಮೂವರು ಸಿಕ್ಕಿದರು. ಇಬ್ಬರು ತಾಸೆ, ಒಬ್ಬರು ಡೋಲು. ಜುಲೈ, ಸೀಸನ್ ಅಲ್ಲದ ಸಮಯ, ಹಾಗಾಗಿ ಬಿಡುವಿದ್ದರು. ಅಕ್ಕನ ಹಾಲ್‌ನಲ್ಲೇ ಭಾನುವಾರ ಮಧ್ಯಾಹ್ನ ಕೂತೆವು. ಮಳೆಯ ತೇವಕ್ಕೆ ತಾಸೆಯ ಚರ್ಮ ಸಡಿಲಾಗಿತ್ತು, ಬಾರಿಸಿದರೆ ಒದ್ದೆ ರಟ್ಟಿನ ಶಬ್ದ. ಹಿರಿಯವರು ಮೆಟ್ಟಿಲ ಹತ್ತಿರ ಹೋಗಿ ಹಳೆ ಪೇಪರಿಗೆ ಬೆಂಕಿ ಹಚ್ಚಿ ತಾಸೆಯನ್ನು ಅದರ ಮೇಲೆ ತಿರುಗಿಸುತ್ತಾ ಕಾಯಿಸಿದರು. ನಡುನಡುವೆ ಕಡ್ಡಿಯಿಂದ ತಟ್ಟಿ ಕೇಳುವುದು, ಮತ್ತೆ ಬೆಂಕಿಗೆ ಹಿಡಿಯುವುದು. ಹತ್ತು ನಿಮಿಷದಲ್ಲಿ ಒದ್ದೆ ರಟ್ಟು ಹೋಗಿ ಕಿವಿಗೆ ಹೊಡೆಯುವ ಠಣ್ ಬಂತು. ಹೊಗೆಗೆ ಹೆದರಿ ಕೆಳಗಿನ ಕ್ಲಿನಿಕ್‌ನ ಕಾವಲುಗಾರ ಮೇಲೆ ಓಡಿ ಬಂದದ್ದು ಬೇರೆ ಕಥೆ.

ನಾನು ಕಂಪ್ಯೂಟರಿನಲ್ಲಿ 140ರ ಟಿಕ್ ಟಿಕ್ ತಯಾರು ಮಾಡಿಟ್ಟಿದ್ದೆ. ಇಯರ್‌ಫೋನ್ ಕೊಟ್ಟೆ. ಹಿರಿಯವರು ಕಿವಿಗೆ ಇಟ್ಟುಕೊಂಡು ಅರ್ಧ ನಿಮಿಷ ಬಾರಿಸಿದರು, ಮುಖ ಹುಳಿ ಮಾಡಿದರು, ತೆಗೆದು ನನ್ನ ಕೈಗೇ ಕೊಟ್ಟರು. "ಬೊಡ್ಚಿ (ತುಳುವಿನಲ್ಲಿ ಬೇಡ) ಮಾರಾಯ. ಹಲ್ಲಿ ಲೊಚಗುಟ್ಟಿದ ಹಾಗೆ ಉಂಟು." ಮತ್ತೆ ಅವರೇ ಕೇಳಿದರು, "ಹುಲಿ ಎಲ್ಲಿ?"

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ತಾಸೆಯವರು ಸುಮ್ನೆ ಬಾರಿಸುವುದಿಲ್ಲ, ಹುಲಿಯ ಕಾಲು ನೋಡಿ ಬಾರಿಸುತ್ತಾರೆ. ಕಾಲು ಇಲ್ಲದೆ ತಾಳ ಹಿಡಿ ಅಂದರೆ ಹೇಗೆ?

ಅಕ್ಕ ಏನೂ ಮಾತಾಡದೆ ಒಂದು ಸೈಕಲ್ ಎಳೆದು ಅವರ ಎದುರಿಗೆ ಇಟ್ಟಳು. ಹತ್ತಿ ಕೂತಳು. ಮೀಟರಿನಲ್ಲಿ 70 ಸುತ್ತು ಹಿಡಿದಳು, ಬಿಗಿ ಹಾಕಿ ಎದ್ದು ನಿಂತು ತುಳಿಯಲು ಶುರು ಮಾಡಿದಳು. ಹಿರಿಯವರು ಅವಳ ಪೆಡಲನ್ನೇ ನೋಡುತ್ತಾ ನಾಲ್ಕು ಸುತ್ತು ಸುಮ್ಮನಿದ್ದರು. ಐದನೆಯದಕ್ಕೆ ಕಡ್ಡಿ ಬಿತ್ತು. ಉಳಿದಿಬ್ಬರೂ ಸೇರಿದರು. ಏಳು ನಿಮಿಷ ಕಣ್ಣು ಎತ್ತಲಿಲ್ಲ. ಅಕ್ಕ ಬೆವರಿ ಒದ್ದೆ. ಐದನೇ ನಿಮಿಷದಲ್ಲಿ ಹಿರಿಯವರು ಜೋರಾಗಿ ಕೆಮ್ಮಿದರು. ಕಡ್ಡಿ ಮಾತ್ರ ನಿಲ್ಲಲಿಲ್ಲ.

ರಾತ್ರಿ ಅಳೆದೆ. ಪ್ಲೇ ಆಗುತ್ತಿರುವಾಗಲೇ ಕಂಟ್ರೋಲ್ ಎಂ ಒತ್ತಿ ಪ್ರತಿ ಹದಿನಾರನೇ ಪೆಟ್ಟಿಗೂ ಗುರುತು ಹಾಕುತ್ತಾ ಹೋದೆ. ಶುರುವಿಗೆ 140, ಐದನೇ ನಿಮಿಷದಲ್ಲಿ 143, ಕೊನೆಗೆ 139. ಆ 143 ತಾಸೆಯವರ ತಪ್ಪಲ್ಲ, ಅಕ್ಕ ಅಲ್ಲಿ ಜೋರು ಮಾಡಿದ್ದಳು. ಆ ತುಂಡನ್ನು ಮಾತ್ರ 2.1% ನಿಧಾನ ಮಾಡಿದೆ. ಚೇಂಜ್ ಟೆಂಪೋದಲ್ಲಿ ಹೈ ಕ್ವಾಲಿಟಿ ಅಂತ ಒಂದು ಟಿಕ್ ಇದೆ. ಹೆಸರು ನೋಡಿ ಹಾಕಿದೆ, ತಾಸೆಯ ಏಟು ಮೆತ್ತಗಾಯಿತು. ತೆಗೆದ ಮೇಲೆ ಸರಿಯಾಯಿತು. ಕೊಳಲಿಗೋ ಪಿಟೀಲಿಗೋ ಅದು ಚೆನ್ನಾಗಿರಬಹುದು, ಚರ್ಮವಾದ್ಯಕ್ಕೆ ನಾನು ಹಾಕುವುದಿಲ್ಲ. ಮತ್ತೆ, 5-6%ಕ್ಕಿಂತ ಜಾಸ್ತಿ ಎಳೆಯಬೇಕಾಗಿ ಬಂದರೆ ಆ ಹಾಡು ಬಿಟ್ಟು ಬೇರೆ ಹಾಡು ಹುಡುಕುವುದು ಒಳ್ಳೆಯದು.

ಕೆಮ್ಮು ತೆಗೆಯಲು ಒಂದು ಗಂಟೆ ಕೂತೆ. ತೆಗೆದರೆ ಅದರ ಹಿಂದಿನ ತಾಸೆಯೂ ಹೋಗುತ್ತದೆ. ಆಮೇಲೆ ನೋಡುವ ಅಂತ ಬಿಟ್ಟೆ.

ಉಳಿದವು ಬೇಗ ಆದವು. ಲೇಡಿಹಿಲ್‌ಗೆ ಕಾಲೇಜು ಹುಡುಗರ ಬ್ಯಾಂಡಿನದೊಂದು, 160. ಕದ್ರಿ ಏರಿಗೆ ಬ್ರಾಸ್ ಬ್ಯಾಂಡಿನವರ ಬೈಲಾ, 128. ಅದರಲ್ಲೂ ಪೆಟ್ಟಿನೊಳಗೆ ಮೂರು ಸಣ್ಣ ಪೆಟ್ಟು ಇವೆ, ಆದರೆ ದೊಡ್ಡ ಪೆಟ್ಟು ಎರಡೆರಡಾಗಿ ಬರುವುದರಿಂದ ಕಾಲಿಗೆ ತೊಂದರೆ ಇಲ್ಲ. ಕೊನೆಯ 5 ನಿಮಿಷಕ್ಕೆ ಸ್ಯಾಕ್ಸೋಫೋನ್ ಒಂದೇ, ತಾಳ ಇಲ್ಲ. ಕದ್ರಿ ಗೋಪಾಲನಾಥರ ಊರಿದು, ಮದುವೆ, ದೇವಸ್ಥಾನ ಎಲ್ಲೆಡೆ ಸ್ಯಾಕ್ಸೋಫೋನ್ ಕೇಳಿ ಬೆಳೆದ ಕಿವಿಗಳು. ನುಡಿಸಲು ದೊಡ್ಡಪ್ಪನ ಮಗ ಒಪ್ಪಿದ.

ಎರಡು ಹಾಡುಗಳನ್ನು ಒಂದರ ಮೇಲೊಂದು ಏರಿಸಿ ಬೆಸೆಯಲು ಹೋಗಬೇಡಿ. 160 ಮತ್ತು 140 ಒಟ್ಟಿಗೆ ಕೇಳಿದರೆ ಕಾಲಿಗೆ ಎತ್ತ ಹೋಗಬೇಕು ಗೊತ್ತಾಗುವುದಿಲ್ಲ. ಗಾಲಿಯ ಭಾರ ನೆನಪಿರಲಿ. ನಾನು ನಡುವೆ 8 ಸೆಕೆಂಡು ಬರೀ ಸಮುದ್ರದ ಶಬ್ದ ಇಟ್ಟೆ, ಆಮೇಲೆ ವಿಸಿಲ್, ಆಮೇಲೆ ಹೊಸ ತಾಳ.

ಹಿಂದಿನ ಸಾಲಿನ ತಕರಾರು

ಎಲ್ಲ ಮುಗಿಯಿತು ಅಂದುಕೊಂಡು ಹಾಕಿದರೆ, ಮುಂದಿನ ಸಾಲು ಸರಿ, ಹಿಂದಿನ ಸಾಲು ತಾಳ ತಪ್ಪುತ್ತಿದೆ. "ಹಿಂದೆ ಕೂತವರಿಗೆ ಕಿವಿ ಇಲ್ಲವಾ?" ಅಂತ ಅಕ್ಕ. ಮೊದಲು ಹಾಲ್‌ನ ಉದ್ದದ ಮೇಲೆ ಗುಮಾನಿ. ಆದರೆ 10 ಮೀಟರ್ ದಾಟಲು ಶಬ್ದಕ್ಕೆ ಬೇಕಾದದ್ದು ಸುಮಾರು 0.03 ಸೆಕೆಂಡು. ಅಷ್ಟಕ್ಕೆ ಕಾಲು ತಪ್ಪುವುದಿಲ್ಲ.

ಫೋನನ್ನು ಹಾಲ್ ನಡುವೆ ಇಟ್ಟು, ಫೈಲಿಗೆ ಒಂದೇ ಒಂದು ಚಪ್ಪಾಳೆ ಹಾಕಿ ಪ್ಲೇ ಮಾಡಿ, ರೆಕಾರ್ಡ್ ಮಾಡಿದೆ. ತೆರೆದು ನೋಡಿದರೆ ಒಂದು ಚಪ್ಪಾಳೆಗೆ ಎರಡು ಮೊನೆ, ನಡುವೆ 0.19 ಸೆಕೆಂಡು. ಅಲ್ಲಿಗೆ ಗೊತ್ತಾಯಿತು. ಮುಂದಿನ ಸ್ಪೀಕರ್ ವೈರಿನದ್ದು, ಹಿಂದಿನದು ಬ್ಲೂಟೂತ್. ಬ್ಲೂಟೂತ್‌ನಲ್ಲಿ ಶಬ್ದವನ್ನು ಪೊಟ್ಟಣ ಕಟ್ಟಿ ಕಳಿಸಿ ಬಿಚ್ಚುವಷ್ಟರಲ್ಲಿ ಅಷ್ಟು ತಡ. ಸಿನಿಮಾ ಹಾಡಿಗೆ ಪ್ರತಿಧ್ವನಿ ಅಂತ ಯಾರೂ ಗಮನಿಸಿರಲಿಲ್ಲ. 140ರ ತಾಸೆಯಲ್ಲಿ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ 0.43 ಸೆಕೆಂಡು. 0.19 ಅಂದರೆ ಹತ್ತಿರ ಹತ್ತಿರ ಅರ್ಧ. ಹಿಂದಿನವರಿಗೆ ಪೆಟ್ಟಿನ ನಡುವೆ ಇನ್ನೊಂದು ಪೆಟ್ಟು ಕೇಳುತ್ತಿತ್ತು. ಕಿವಿ ಇಲ್ಲದ್ದಲ್ಲ, ಜಾಸ್ತಿ ಕೇಳಿದ್ದೇ ತೊಂದರೆ. ಗೋಡೆಯ ಬದಿಯಲ್ಲಿ 15 ಮೀಟರ್ ವೈರ್ ಎಳೆದು ಎರಡನ್ನೂ ಒಂದೇ ಆಂಪ್ಲಿಫೈಯರಿಗೆ ಕಟ್ಟಿದೆ. ಸರಿಯಾಯಿತು.

ಇನ್ನು ಜೋರು ಎಷ್ಟು ಅನ್ನುವುದು. ಹಾಡುಗಳ ಮಟ್ಟವನ್ನು ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ -16 LUFSಗೆ (ಸೊನ್ನೆಗೆ ಹತ್ತಿರ ಆದಷ್ಟೂ ಜೋರು) ಇಟ್ಟೆ. -14ಕ್ಕೆ ಏರಿಸಿದರೆ ತಾಸೆಯ ಮೊನೆಗಳು ಮೇಲೆ ತಾಗಿ ಒಡೆಯುತ್ತಿದ್ದವು. ಆದರೆ ಶೀಟಿನ ಮೇಲೆ ಮಳೆ ಹೊಡೆದರೆ ಸಂಗೀತ ಇಲ್ಲದೆಯೇ ಫೋನಿನ ಮೀಟರ್ 80 ಡೆಸಿಬಲ್ ದಾಟುತ್ತದೆ. ಏರಿಸು ಏರಿಸು ಅಂತ ಎಲ್ಲರೂ. 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ, ಪ್ರತಿ 3 ಡೆಸಿಬಲ್ ಏರಿದಂತೆ ಹೊತ್ತು ಅರ್ಧ ಅಂತ ಕೆಲಸದ ಜಾಗದ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಹಾಕಿದ ಮಿತಿ ಇದೆ. ಹಾಗೆ ನೋಡಿದರೆ 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಬರುವವರು 45 ನಿಮಿಷ ಇದ್ದು ಹೋಗುತ್ತಾರೆ. ಅಕ್ಕ ದಿನಕ್ಕೆ ಮೂರು ಬ್ಯಾಚ್, ಎರಡೂಕಾಲು ಗಂಟೆ. 91ಕ್ಕೆ ಇರುವುದೇ 2 ಗಂಟೆ. ಅವಳ ಕಿವಿಯ ಲೆಕ್ಕ ಹಿಡಿದು 88ಕ್ಕೆ ಟೇಪ್ ಅಂಟಿಸಿ ನಾಬ್‌ಗೆ ಗುರುತು ಹಾಕಿದೆ. ಸ್ಪೀಕರ್‌ಗಳನ್ನು ಮೂಲೆಯಿಂದ ತೆಗೆದು ಸಾಲುಗಳ ಬದಿಗೆ, ಕೂತವರ ಕಿವಿಯ ಎತ್ತರಕ್ಕೆ ಸ್ಟ್ಯಾಂಡ್ ಮೇಲೆ ಇಟ್ಟ ಮೇಲೆ ಅಷ್ಟೇ ಸಾಕಾಯಿತು.

ಮಳೆಯ ಸೊರ್ ಶಬ್ದದಲ್ಲಿ ತಾಸೆಯ ಕಡ್ಡಿಯ ಸದ್ದು ಮುಳುಗುತ್ತದೆ, ಡೋಲಿನ ಧಮ್ ಮುಳುಗುವುದಿಲ್ಲ. ಹಾಗಾಗಿ ಡೋಲು ಏರಿಸಿ ಮಳೆಗೆಂದೇ ಒಂದು ಫೈಲ್ ಮಾಡಿದೆ. ಧಮ್ ನೆಲದ ಮೂಲಕ ಕೆಳಗಿಳಿಯಿತು. ಕ್ಲಿನಿಕ್‌ನಿಂದ ದೂರು ಬಂತು. ಪಾಪ, ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು, ಒಳಗೆ ಬಿಪಿ ನೋಡುತ್ತಿರುತ್ತಾರೆ. ಸ್ಟ್ಯಾಂಡಿನ ಕಾಲುಗಳಿಗೆ ರಬ್ಬರ್ ಮ್ಯಾಟ್ ಹಾಕಿದೆ. ಸಂಜೆ ಬ್ಯಾಚಿಗೆ 60 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದ ಇನ್ನೊಂದು ಫೈಲ್. ಬೆಳಿಗ್ಗೆ ಕ್ಲಿನಿಕ್ ತೆರೆದಿರುವುದಿಲ್ಲ, ಆಗ ಪೂರ್ತಿ ಡೋಲು. ಬೆಳಗಿನವರಿಗೆ ಇದೊಂದು ಹೆಮ್ಮೆ.

ಈಗ ಓಡುತ್ತಿರುವುದು ಏಳನೇ ಫೈಲ್. ರಾಯರು ವಾಪಸ್ ಬಂದಿದ್ದಾರೆ, ಪಟ್ಟಿ ಎರಡು ಸಲ ಎಳೆದು ನೋಡಿಯೇ ಹತ್ತುತ್ತಾರೆ. ಬಾವುಟಗುಡ್ಡೆ ಏರುವಾಗ ಒಂಬತ್ತು ಜೋಡಿ ಮೊಣಕಾಲು ಒಟ್ಟಿಗೆ ಏರಿ ಇಳಿಯುವುದನ್ನು ಅಕ್ಕ ವಿಡಿಯೊ ಮಾಡಿ ತಾಸೆಯವರಿಗೆ ಕಳಿಸಿದಳು. ಹಿರಿಯವರಿಂದ ಬಂದ ಉತ್ತರ ತುಳುವಿನ ಒಂದೇ ಮಾತು, "ಆವು." ಅಂದರೆ, ಆಗಬಹುದು.

ಕಳೆದ ವಾರ ಹೊಸ ತಂತ್ರಾಂಶವೊಂದರಲ್ಲಿ ಆ ಕೆಮ್ಮು ಪೂರ್ತಿ ಹೋಯಿತು, ತಾಸೆಗೆ ಏನೂ ಆಗಲಿಲ್ಲ. ಖುಷಿಯಲ್ಲಿ ಎಂಟನೇ ಫೈಲ್ ಹಾಕಿದೆ. ಏರಿನ ನಡುವೆ ಎಲ್ಲರೂ ತಲೆ ಎತ್ತಿ ಗಡಿಯಾರ ನೋಡಲು ಶುರು ಮಾಡಿದರು. ಮುಗಿದ ಮೇಲೆ ರಾಯರು ಬೆವರು ಒರೆಸುತ್ತಾ ಬಂದರು. "ಅಲ್ಲ, ಆ ಕೆಮ್ಮು ಎಲ್ಲಿ ಹೋಯ್ತು? ಅದು ಬಂದರೆ ಇನ್ನು ಎರಡೇ ನಿಮಿಷ ಅಂತ ಲೆಕ್ಕ ನಮಗೆ."

ಮರುದಿನ ಏಳನೆಯದನ್ನೇ ವಾಪಸ್ ಹಾಕಿದೆ.